ಸುದ್ದಿ ಹೊರುವವರ ಹೊಣೆ

(ಜುಲೈ 1ರ ಪತ್ರಿಕಾ ದಿನದ ಸಂಜೆ ದಿಲ್‌ಸುಖ್‌ನಗರದ ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಈ ಹೊತ್ತಿನ ಭಾಷಣಕ್ಕೆ ಯಾರಾದರೂ ಪಂಡಿತರನ್ನು ಕರೆಯಬೇಕೆಂದು ನಾವು ಸಮಿತಿಯಲ್ಲಿ ಅರಿಕೆ ಮಾಡಿದ್ದೆವು. ಹಿರಿಯರು ಒಪ್ಪಲಿಲ್ಲ. "ಪುಸ್ತಕದ ಬೀರುವಿನ ಕೀಲಿ ನಿಮ್ಮ ಹತ್ತಿರವೇ ಇದೆ, ತೆರೆದು ಓದಿಕೊಂಡು ಬಂದು ಹೇಳಿರಿ" ಎಂದುಬಿಟ್ಟರು. ನಾವಾದರೋ ಮೆಟ್ರಿಕ್ ದಾಟಿದವರಷ್ಟೆ. ಹಗಲೆಲ್ಲ ಬೇಳೆ ಮಿಲ್ಲಿನಲ್ಲಿ ಗುಮಾಸ್ತಿಕೆ, ರಾತ್ರಿ ಎರಡು ತಾಸು ಈ ಕೋಣೆಯಲ್ಲಿ ಪತ್ರಿಕೆ ಜೋಡಿಸಿಡುವ ಸೇವೆ. ಆದ್ದರಿಂದ ಮಾತಿನಲ್ಲಿ ತಪ್ಪು ಕಂಡರೆ ತಾವು ತಿದ್ದಬೇಕು. ತಿದ್ದಿದರೆ ನಮಗೆ ಸಂತೋಷ.

ವಿಷಯವನ್ನು ಸೂಚಿಸಿದವರು ಬೀದರಿನ ಕಡೆಯ ನಮ್ಮ ಕ್ರೈಸ್ತ ಸದಸ್ಯರೊಬ್ಬರು. ಕನ್ನಡ ಪತ್ರಿಕೆಗೂ ಕನ್ನಡ ನುಡಿಗೂ ಕ್ರೈಸ್ತರು ಮಾಡಿದ ಕೆಲಸವೇನು, ಮುಂದಾಳುತನವೆಂದರೆ ಏನೆಂದು ಅವರ ಧರ್ಮ ತಿಳಿಯುತ್ತದೆ, ಸುದ್ದಿಯ ಸಾಧನ ಕೈಗೆ ಬಂದಾಗ ಅದನ್ನು ಹೇಗೆ ಬಳಸಬೇಕು, ಇವು ಅವರು ಕೇಳಿದ ಪ್ರಶ್ನೆಗಳು. ಧರ್ಮಬೋಧೆ ನಮ್ಮ ಉದ್ದೇಶವಲ್ಲ. ನಾವು ಆ ಧರ್ಮದವರೂ ಅಲ್ಲ. ಆದರೆ ಒಳ್ಳೆಯ ಬೀಜ ಯಾರ ಹೊಲದಿಂದ ಬಂದರೇನು? ಬಿತ್ತಿ ನೋಡಬಹುದಲ್ಲವೇ?

ಮೊದಲು ನಮ್ಮ ಕೆಲಸದ ಮಾತೊಂದನ್ನು ಹೇಳುತ್ತೇವೆ. ಕಲಬುರಗಿಯ ಕಡೆಯಿಂದ ತೊಗರಿಯ ಲಾರಿ ಬರುತ್ತದೆ. ಚಾಲಕನು ಇಳಿದು, "ಸಾಹೇಬರೇ, ಇಷ್ಟು ಚೀಲ, ಇಷ್ಟು ಕ್ವಿಂಟಾಲು" ಎನ್ನುತ್ತಾನೆ. ಅವನು ಸುಳ್ಳನಲ್ಲ, ಅವನಿಗೆ ಅಲ್ಲಿ ಯಾರೋ ಹಾಗೆ ಹೇಳಿರುತ್ತಾರೆ. ಆದರೂ ಅವನ ಮಾತು ಕೇಳಿ ನಾವು ವಹಿಯಲ್ಲಿ ಅಂಕಿ ಬರೆಯುವುದಿಲ್ಲ. ಲಾರಿಯನ್ನು ಕಾಂಟಾದ ಮೇಲೆ ಹತ್ತಿಸಿ, ತೂಕ ನೋಡಿ, ಚೀಟಿ ಹರಿದ ಮೇಲೆಯೇ ಬರೆಯುತ್ತೇವೆ. ಬರೆದ ಮೇಲೆ ಆ ಅಂಕಿಗೆ ಹೊಣೆ ನಾವೇ, ಚಾಲಕನಲ್ಲ. ಇದನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕು. ಕೊನೆಯಲ್ಲಿ ಮತ್ತೆ ಈ ಕಾಂಟಾದ ಬಳಿಗೇ ಬರುತ್ತೇವೆ.

ಇನ್ನು ಚರಿತ್ರೆಗೆ ಬರೋಣ. ಜುಲೈ 1ನ್ನು ಕನ್ನಡಿಗರು ಪತ್ರಿಕಾ ದಿನವೆಂದು ಆಚರಿಸುವುದೇಕೆ? 1843ನೆಯ ಇಸವಿ ಜುಲೈ 1ರಂದು ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಎಂಬ ಪತ್ರಿಕೆ ಹೊರಬಿತ್ತು. ಕನ್ನಡದ ಮೊದಲ ಸಮಾಚಾರ ಪತ್ರಿಕೆ ಅದು. ಹೊರಡಿಸಿದವರು ಹೆರ್ಮನ್ ಮೊಗ್ಲಿಂಗ್ ಎಂಬ ಪಾದ್ರಿಗಳು. 1811ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಕೆಲಸಕ್ಕಾಗಿ 1836ರಲ್ಲಿ ಇಂಡಿಯಾಕ್ಕೆ ಬಂದವರು. ನಾಡು ಬಿಟ್ಟು ಸಾವಿರಾರು ಮೈಲಿ ದೂರ ಬಂದು, ತಿಳಿಯದ ಭಾಷೆಯವರ ನಡುವೆ ಬಾಳಿದವರು ಎಂದರೆ ನಮ್ಮ ನಿಮ್ಮ ಹಾಗೆಯೇ ವಲಸೆ ಬಂದವರು ಎಂದು ತಿಳಿಯಬಹುದು. ವ್ಯತ್ಯಾಸವಿಷ್ಟೇ: ನಾವು ಹೊಟ್ಟೆಪಾಡಿಗಾಗಿ ಬಂದೆವು, ಅವರು ತಮ್ಮ ನಂಬಿಕೆಗಾಗಿ ಬಂದರು.

ಆ ಪತ್ರಿಕೆ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ನಾಲ್ಕು ಪುಟದ ಸಣ್ಣ ಕಾಗದ. ಮಂಗಳೂರಿನ ಆ ಅಚ್ಚುಕೂಟದಲ್ಲಿ ಆಗ ಕನ್ನಡದ ಸೀಸದ ಮೊಳೆಗಳಿರಲಿಲ್ಲ. ಆದ್ದರಿಂದ ಅದನ್ನು ಕಲ್ಲಚ್ಚಿನಲ್ಲಿ ತೆಗೆದರು. ಕಲ್ಲಚ್ಚೆಂದರೆ ಏನೆಂದು ನಮ್ಮ ಗವಂಡಿ ಅಣ್ಣಂದಿರು ಬೇಗ ತಿಳಿದುಕೊಳ್ಳುತ್ತಾರೆ. ಈ ಕೋಣೆಯ ನೆಲಕ್ಕೆ ಹಾಸಿರುವುದು ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದ ಕಲ್ಲು. ಅದು ಸುಣ್ಣಗಲ್ಲಿನ ಜಾತಿ. ಅಚ್ಚಿಗೆ ಬಳಸುವ ಕಲ್ಲೂ ಸುಣ್ಣಗಲ್ಲೇ, ಆದರೆ ಇನ್ನೂ ನುಣುಪು. ಜಿಡ್ಡಿನ ಮಸಿಯಿಂದ ಬರೆದ ಬರಹವನ್ನು ಆ ಕಲ್ಲಿಗೆ ಇಳಿಸುತ್ತಾರೆ. ಆಮೇಲೆ ಕಲ್ಲನ್ನು ನೀರಿನಿಂದ ಒದ್ದೆ ಮಾಡುತ್ತಾರೆ. ಅಚ್ಚಿನ ಮಸಿ ಹಚ್ಚಿದರೆ ಅದು ಒದ್ದೆಯಾದ ಕಡೆ ಹಿಡಿಯುವುದಿಲ್ಲ, ಜಿಡ್ಡಿನ ಅಕ್ಷರದ ಮೇಲೆ ಮಾತ್ರ ಹಿಡಿಯುತ್ತದೆ. ಅದರ ಮೇಲೆ ಕಾಗದ ಒತ್ತಿದರೆ ಬರಹ ಮೂಡುತ್ತದೆ. ಒಂದೊಂದು ಹಾಳೆಗೂ ಮತ್ತೆ ನೀರು, ಮತ್ತೆ ಮಸಿ, ಮತ್ತೆ ಒತ್ತು. ಇಷ್ಟು ಬೆವರು ಸುರಿಸಿ ಒಂದು ಸುದ್ದಿಯನ್ನು ಹಂಚುವಾಗ ಅದು ಹಂಚಲು ತಕ್ಕದ್ದೇ ಎಂದು ಯೋಚಿಸಲು ಬೇಕಾದಷ್ಟು ಹೊತ್ತು ಸಿಗುತ್ತಿತ್ತು!

ಮೊದಲ ಸಂಚಿಕೆಯಲ್ಲಿಯೇ ಮೊಗ್ಲಿಂಗರು ಪತ್ರಿಕೆ ಏಕೆ ಬೇಕೆಂದು ಜನರಿಗೆ ವಿವರಿಸಿದರು. ಅವರ ಮಾತಿನ ಭಾವವನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಈ ಊರಿನ ಎಲ್ಲ ಜಾತಿಯ ಜನರಿಗೂ ಸುದ್ದಿ ಕೇಳುವುದರಲ್ಲಿ, ಹೇಳುವುದರಲ್ಲಿ ಆಸೆಯುಂಟು. ಕಚೇರಿಯಿಂದ ಬಂದವನೊಬ್ಬ ಏನೋ ಹೇಳುತ್ತಾನೆ. ಕೇಳಿದವನು ಮತ್ತೊಬ್ಬನಿಗೆ ಹೇಳುತ್ತಾನೆ. ಅವನು ಒಂದಿಷ್ಟು ಬೆಳೆಸಿ ಇನ್ನೊಬ್ಬನಿಗೆ ಮುಟ್ಟಿಸುತ್ತಾನೆ. ಊರೆಲ್ಲ ಅದೇ ಮಾತು ತುಂಬುತ್ತದೆ. ಮರುದಿನ ನೋಡಿದರೆ ಅದು ಸುಳ್ಳು! ಇದನ್ನು ತಪ್ಪಿಸಿ, ದೂರದ್ದನ್ನೂ ಹತ್ತಿರದ್ದನ್ನೂ ನಿಜವಾಗಿ ತಿಳಿಸುವುದಕ್ಕೆ ಈ ಕಾಗದ. ಕನ್ನಡದ ಮೊದಲ ಪತ್ರಿಕೆ ತನ್ನ ಮೊದಲ ದಿನವೇ ಮಾತನಾಡಿದ್ದು ಗಾಳಿಸುದ್ದಿಯ ವಿಷಯವನ್ನು. ಇದನ್ನು ಓದಿದಾಗ ನಮಗೆ ಮೈ ಜುಮ್ಮೆಂದಿತು. ಏಕೆಂಬುದನ್ನು ಮುಂದೆ ಹೇಳುತ್ತೇವೆ.

ಪತ್ರಿಕೆಯಲ್ಲಿ ಊರ ವರ್ತಮಾನ, ಕುಂಪಣಿ ಸರ್ಕಾರದ ನಿರೂಪಗಳು, ಬೇರೆ ರಾಜ್ಯಗಳ ಸುದ್ದಿ, ಕಥೆ, ಬುದ್ಧಿಮಾತು ಎಲ್ಲವೂ ಇರುತ್ತಿದ್ದವು. ಸೀಸದ ಮೊಳೆಯ ಅಚ್ಚಿನ ಅನುಕೂಲಕ್ಕಾಗಿ 1844ರಲ್ಲಿ ಅದನ್ನು ಬಳ್ಳಾರಿಗೆ ಸಾಗಿಸಿ 'ಕನ್ನಡ ಸಮಾಚಾರ' ಎಂದು ಹೆಸರಿಟ್ಟರು. ಹೆಸರಿನ ಬದಲಾವಣೆಯನ್ನು ಗಮನಿಸಿರಿ. ಊರಿನ ಹೆಸರು ಹೋಗಿ ನುಡಿಯ ಹೆಸರು ಬಂದಿತು. ಕನ್ನಡನಾಡು ಆಗ ಹಲವು ಆಳಿಕೆಗಳಲ್ಲಿ ಹರಿದು ಹಂಚಿಹೋಗಿತ್ತು. ನಮ್ಮ ಬೀದರ, ಕಲಬುರಗಿ, ರಾಯಚೂರುಗಳು ನಿಜಾಮರ ರಾಜ್ಯದಲ್ಲಿ, ಬಳ್ಳಾರಿ ಮಂಗಳೂರುಗಳು ಮದ್ರಾಸಿನಲ್ಲಿ, ಧಾರವಾಡ ಮುಂಬಯಿಯಲ್ಲಿ. ರಾಜ್ಯ ಒಂದಾಗುವುದಕ್ಕೆ 1956ನೆಯ ಇಸವಿ ಬರಬೇಕಾಯಿತು. ಒಂದು ಚಿಕ್ಕ ಕಾಗದ ಅದಕ್ಕೆ ನೂರು ವರ್ಷಕ್ಕೂ ಮೊದಲೇ ತನ್ನನ್ನು ಕನ್ನಡದ ಹೆಸರಿನಿಂದ ಕರೆದುಕೊಂಡಿತು.

ಇಲ್ಲಿ ಒಬ್ಬರು ಎದ್ದು ಕೇಳಬಹುದು: "ಪಾದ್ರಿಗಳು ಬಂದದ್ದು ಮತಾಂತರಕ್ಕಲ್ಲವೇ? ಪತ್ರಿಕೆ ಅದಕ್ಕೊಂದು ಉಪಾಯವಲ್ಲವೇ?" ಪ್ರಶ್ನೆ ನ್ಯಾಯವಾದದ್ದು. ಅವರು ತಮ್ಮ ಧರ್ಮವನ್ನು ಸಾರಲೆಂದೇ ಬಂದರು. ಅದನ್ನು ಅವರು ಎಂದೂ ಬಚ್ಚಿಡಲಿಲ್ಲ. ಇಲ್ಲಿಯ ದೇವರುಗಳನ್ನೂ ಆಚಾರಗಳನ್ನೂ ಅವರು ಟೀಕಿಸಿದ್ದುಂಟು, ಅದರಿಂದ ಜನರ ಮನಸ್ಸು ನೊಂದದ್ದೂ ಉಂಟು. ಅದನ್ನು ಮರೆಮಾಚಿ ಬರಿಯ ಹೊಗಳಿಕೆ ಹಾಡುವುದು ಇಂದಿನ ಈ ವಿಷಯಕ್ಕೇ ಮೋಸ ಮಾಡಿದಂತೆ. ಆದರೆ ಉದ್ದೇಶ ಒಂದು, ಉಳಿದದ್ದು ಮತ್ತೊಂದು. ನಾಡಿನಲ್ಲಿ ಉಳಿದದ್ದು ಏನೆಂದು ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಅವರು ತಾವು ಹೇಳಬೇಕೆಂದಿದ್ದುದನ್ನು ಹೇಳಲು ಮಾಡಿದ ಕೆಲಸಕ್ಕಿಂತ, ಜನರು ಹೇಳುತ್ತಿದ್ದುದನ್ನು ಕೇಳಿಸಿಕೊಳ್ಳಲು ಮಾಡಿದ ಕೆಲಸವೇ ಕನ್ನಡಿಗರೆಲ್ಲರ ಆಸ್ತಿಯಾಗಿ ನಿಂತಿತು.

ಕೇಳಿರಿ. ಮೊಗ್ಲಿಂಗರು ಓಲೆಗರಿಗಳನ್ನೂ ಹಸ್ತಪ್ರತಿಗಳನ್ನೂ ಕೂಡಿಹಾಕಿದರು. ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು ಹಣ ಕೊಟ್ಟರು. ಸುಮಾರು 1848ರಿಂದ 1853ರವರೆಗೆ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಹಳೆಯ ಕನ್ನಡ ಕೃತಿಗಳು ಒಂದರ ಹಿಂದೊಂದು ಕಲ್ಲಚ್ಚಿನಿಂದ ಹೊರಬಂದವು. ಯಾವ ಕೃತಿಗಳು? ಲಕ್ಷ್ಮೀಶನ ಜೈಮಿನಿ ಭಾರತ, ಭೀಮಕವಿಯ ಬಸವಪುರಾಣ, ದಾಸರ ಪದಗಳು! ವೈಷ್ಣವರ ಕಾವ್ಯ, ವೀರಶೈವರ ಪುರಾಣ, ಹರಿದಾಸರ ಹಾಡುಗಳು ಕ್ರೈಸ್ತರ ಅಚ್ಚುಕೂಟದಲ್ಲಿ ಅಚ್ಚಾದವು. ಬೆಳಗಿನ ಝಾವ ನಮ್ಮ ತಾಯಂದಿರು ಬೀಸುತ್ತ ಹಾಡುತ್ತಿದ್ದ ಪದಗಳನ್ನು, ಆ ಹಾಡಿನ ದೇವರನ್ನು ಒಪ್ಪದ ಒಬ್ಬ ಮನುಷ್ಯ ಕೂಡಿಸಿ ಅಚ್ಚು ಹಾಕಿಸಿದ. ಮುಂದೆ 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಅವರ ಹಿಂದೆ ಬಂದವರು ಫರ್ಡಿನಂಡ್ ಕಿಟೆಲ್. 1853ರಲ್ಲಿ ಬಂದು ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಇದ್ದು ಕೆಲಸ ಮಾಡಿದರು. ಅವರ ಹೆಸರು ಕೇಳಿದೊಡನೆ ನಿಘಂಟು ನೆನಪಾಗುತ್ತದೆ. ಸುಮಾರು 70,000 ಶಬ್ದಗಳ ಆ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾಯಿತು. ಪಂಡಿತರ ಗ್ರಂಥಗಳಿಂದ ಮಾತ್ರವಲ್ಲ, ಜನರ ಬಾಯಿಂದಲೂ ಅವರು ಮಾತು ಆಯ್ದರು, ಗಾದೆಗಳನ್ನು ಸೇರಿಸಿದರು. ಈ ನಿಘಂಟನ್ನು ಎತ್ತಿ ನೋಡಿದವರಿಗೆ ಅದರ ತೂಕ ಗೊತ್ತು. ತೂಕದ ಗುಮಾಸ್ತನಾದ ನಮಗಂತೂ ಚೆನ್ನಾಗಿ ಗೊತ್ತು! ಇದೇ ಕಿಟೆಲರು 1862ರಲ್ಲಿ 'ಕಥಾಮಾಲೆ' ಎಂಬ ಪುಸ್ತಕದಲ್ಲಿ ಯೇಸುವಿನ ಚರಿತೆಯನ್ನು ಬರೆದಾಗ ಅದನ್ನು ಹೆಣೆದದ್ದು ಕನ್ನಡದ ಷಟ್ಪದಿಗಳಲ್ಲಿ. ತಮ್ಮ ನಾಡಿನ ರಾಗವನ್ನು ಕನ್ನಡಿಗರ ಕಿವಿಗೆ ತುರುಕಲಿಲ್ಲ. ಕನ್ನಡಿಗರ ಕಿವಿಗೆ ಒಗ್ಗಿದ ಮಟ್ಟನ್ನು ತಾವು ಕಲಿತರು. ಕಲೆಯೆಂದರೆ ಇದೇ ಎಂದು ನಮ್ಮ ನಮ್ರ ಅಭಿಪ್ರಾಯ: ಹೇಳುವವನು ಕೇಳುವವನ ಮನೆಯ ಹೊಸ್ತಿಲವರೆಗೆ ನಡೆದು ಹೋಗುವುದು.

ನಮ್ಮ ಕ್ರೈಸ್ತ ಮಿತ್ರರೊಡನೆ ಈ ವಿಷಯ ಮಾತನಾಡುವಾಗ ಅವರೊಂದು ಮಾತು ಹೇಳಿದರು: "ನಮ್ಮ ಗುರುವೇ ಹಾಗೆ ಕಲಿಸಿದ್ದು." ನಿಜವೇ. ಸುವಾರ್ತೆಗಳನ್ನು ಓದಿದವರಿಗೆ ಗೊತ್ತಿರುವಂತೆ, ಯೇಸು ಜನರಿಗೆ ದೊಡ್ಡ ತತ್ವಗಳನ್ನು ದೊಡ್ಡ ಮಾತಿನಲ್ಲಿ ಹೇಳಲಿಲ್ಲ. ಬೀಜ ಬಿತ್ತುವ ರೈತ, ಬಲೆ ಬೀಸುವ ಬೆಸ್ತ, ತಪ್ಪಿಸಿಕೊಂಡ ಕುರಿ, ದೀಪ, ಹುಳಿಹಿಟ್ಟು, ಕೂಲಿಗೆ ಕರೆಯಲೆಂದು ಸಂತೆಯ ಬಯಲಲ್ಲಿ ಕಾದು ನಿಂತ ಆಳುಗಳು ಅವರ ಕಥೆಗಳಲ್ಲಿ ಬರುತ್ತಾರೆ. ಬೆಳಗ್ಗೆ ಅಡ್ಡಾದಲ್ಲಿ ಬುಟ್ಟಿ ಗುದ್ದಲಿ ಹಿಡಿದು ಮೇಸ್ತ್ರಿಯ ದಾರಿ ಕಾಯುವ ನಮ್ಮ ಅಣ್ಣಂದಿರಿಗೆ ಆ ಕಥೆ ವಿವರಿಸಬೇಕಾದ್ದಿಲ್ಲ.

ಮುಂದಾಳುತನದ ವಿಷಯದಲ್ಲಿಯೂ ಅವರ ನಡೆ ಬೇರೆ. ಕೊನೆಯ ಊಟದ ರಾತ್ರಿ ಯೇಸು ತಾವೇ ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದರೆಂದು ಯೋಹಾನನ ಸುವಾರ್ತೆಯಲ್ಲಿ ಬರುತ್ತದೆ. ಆ ಕಾಲದಲ್ಲಿ ಅದು ಮನೆಯಾಳಿನ ಕೆಲಸ. ಮುಂದಾಳಾಗಬೇಕೆಂದರೆ ಮೊದಲು ಆಳಾಗು ಎಂಬುದು ಅದರ ತಿರುಳು. ಶಿಷ್ಯರನ್ನು ಅವರು ಉಪ್ಪಿಗೆ ಹೋಲಿಸಿದ್ದೂ ಉಂಟು. ಉಪ್ಪಿನ ಗುಣ ನಮ್ಮ ತಾಯಂದಿರಿಗೆ ಗೊತ್ತು. ಸಾರಿನಲ್ಲಿ ಅದು ಕಣ್ಣಿಗೆ ಕಾಣಬಾರದು, ಕರಗಬೇಕು. ಕಾಣುವಷ್ಟು ಹಾಕಿದರೆ ಊಟವೇ ಕೆಟ್ಟಿತು. ಸಮಾಜವನ್ನು ತಿದ್ದುತ್ತೇವೆಂದು ಹೊರಡುವವರೆಲ್ಲ, ಅವರು ಯಾವ ಧರ್ಮದವರೇ ಆಗಿರಲಿ, ಈ ಉಪ್ಪಿನ ಅಳತೆಯನ್ನು ತಿಳಿದಿರಬೇಕು.

ಹೊರನಾಡಿನಿಂದ ಬಂದವರ ಮಾತಾಯಿತು. ಇನ್ನು ನಮ್ಮ ನೆಲದಲ್ಲಿಯೇ ಹುಟ್ಟಿದವರೊಬ್ಬರ ಮಾತು. ರೆವರೆಂಡ್ ಉತ್ತಂಗಿ ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ಪಾದ್ರಿಗಳಾಗಿ ಸೇವೆ ಮಾಡಿದವರು. ಸರ್ವಜ್ಞನ ತ್ರಿಪದಿಗಳನ್ನು ಬಾಯಿಪಾಠವಾಗಿ ಬಲ್ಲವರು ಇಲ್ಲಿ ಅನೇಕರಿದ್ದೀರಿ. ಆ ತ್ರಿಪದಿಗಳು ಹಸ್ತಪ್ರತಿಗಳಲ್ಲಿಯೂ ಜನರ ನಾಲಗೆಯ ಮೇಲೂ ಚೆದರಿಹೋಗಿದ್ದವು. ಚನ್ನಪ್ಪನವರು ವರ್ಷಗಟ್ಟಲೆ ಹುಡುಕಿ, ಹೋಲಿಸಿ, ಸುಮಾರು ಎರಡು ಸಾವಿರ ವಚನಗಳನ್ನು ವಿಂಗಡಿಸಿ 1924ರಲ್ಲಿ ಪುಸ್ತಕವಾಗಿ ತಂದರು. ಇಂದು ನಾವು ಸರ್ವಜ್ಞನೆಂದು ಓದುವುದಕ್ಕೆಲ್ಲ ಆ ಕೆಲಸ ಬುನಾದಿ. ಶರಣರ ವಚನಗಳ ಮೇಲೂ ಅನುಭವ ಮಂಟಪದ ಚರಿತ್ರೆಯ ಮೇಲೂ ಅವರು ದುಡಿದರು. ಕ್ರೈಸ್ತ ಪಾದ್ರಿಯೊಬ್ಬರು ಬಸವಣ್ಣನವರ ಮಂಟಪದ ಪರವಾಗಿ ಗ್ರಂಥ ಬರೆದರು! ಅವರನ್ನು ನಾಡು 'ತಿರುಳ್ಗನ್ನಡದ ತಿರುಕ' ಎಂದು ಕರೆಯಿತು. ತಿರುಕನೆಂದರೆ ಬೇಡುವವನು. ಮನೆಮನೆಗೆ ಹೋಗಿ ಕನ್ನಡದ ಕಾಳು ಬೇಡಿ ತಂದು, ಹಸನು ಮಾಡಿ, ಮತ್ತೆ ಎಲ್ಲರಿಗೂ ಹಂಚಿದವರಿಗೆ ಅದಕ್ಕಿಂತ ಒಳ್ಳೆಯ ಬಿರುದು ಬೇಕೆ?

ನಮ್ಮ ಈ ಹೈದರಾಬಾದಿಗೂ ಅವರಿಗೂ ಒಂದು ನಂಟುಂಟು. 1949ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರಗಿಯಲ್ಲಿ ಸೇರಿದಾಗ ಅದರ ಅಧ್ಯಕ್ಷರು ಚನ್ನಪ್ಪನವರೇ. ಕಲಬುರಗಿ ಆಗ ಹೈದರಾಬಾದು ರಾಜ್ಯದ ಊರು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಆ ರಾಜ್ಯ ಇಂಡಿಯಾದಲ್ಲಿ ಸೇರಿ ಹೆಚ್ಚು ದಿನವಾಗಿರಲಿಲ್ಲ. ಹಿಂದೂ ಮುಸಲ್ಮಾನರೆನ್ನದೆ ಬಹಳ ಜನರು ಆ ಎರಡು ಮೂರು ವರ್ಷಗಳಲ್ಲಿ ಜೀವ ಕಳೆದುಕೊಂಡಿದ್ದರು. ಧರ್ಮದ ಹೆಸರಿನಲ್ಲಿ ಗಾಯಗೊಂಡಿದ್ದ ಆ ನೆಲದಲ್ಲಿ ಕನ್ನಡಿಗರು ತಮ್ಮ ಸಮ್ಮೇಳನದ ಹಿರಿಯ ಪೀಠಕ್ಕೆ ಒಬ್ಬ ಕ್ರೈಸ್ತ ಪಾದ್ರಿಯನ್ನು ಕರೆದು ಕೂರಿಸಿದರು. ಅವರು ಓಟು ಕೇಳಿ ಬಂದ ಮುಂದಾಳಲ್ಲ, ಹಣವಿದ್ದ ಮುಂದಾಳೂ ಅಲ್ಲ. ಸರ್ವಜ್ಞನನ್ನು ಹುಡುಕಿಕೊಟ್ಟವರೆಂಬ ಒಂದೇ ಅಧಿಕಾರ ಅವರದು. 1962ರಲ್ಲಿ ಅವರು ತೀರಿಕೊಂಡರು.

ಇಷ್ಟು ಕೇಳಿ ತಾವು ಹೇಳಬಹುದು: "ಅವರು ದೊಡ್ಡವರು. ನಾವು ಗವಂಡಿಗಳು, ಹಮಾಲರು, ಗುಮಾಸ್ತರು, ವಸತಿಗೃಹಗಳಲ್ಲಿ ಅಡಿಗೆ ಮಾಡುವವರು. ಪತ್ರಿಕೆ ತೆಗೆಯುವುದು, ನಾಡು ತಿದ್ದುವುದು ನಮ್ಮ ಕೆಲಸವೇ?" ಮುಂಚೆ ಈ ಮಾತು ನಿಜವಾಗಿತ್ತು. ಈಗ ಅಲ್ಲ. ಇಲ್ಲಿ ಕುಳಿತಿರುವ ಪ್ರತಿಯೊಬ್ಬರ ಜೇಬಿನಲ್ಲಿಯೂ ಒಂದು ಅಚ್ಚುಕೂಟವಿದೆ. ಮೊಗ್ಲಿಂಗರ ಕಲ್ಲು ಹದಿನೈದು ದಿನದಲ್ಲಿ ಮುಟ್ಟಿಸುತ್ತಿದ್ದುದಕ್ಕಿಂತ ಹೆಚ್ಚು ಜನರಿಗೆ ನಿಮ್ಮ ಫೋನು ಒಂದು ನಿಮಿಷದಲ್ಲಿ ಮುಟ್ಟಿಸಬಲ್ಲದು. ನೀರು ಬೇಡ, ಮಸಿ ಬೇಡ, ಒತ್ತು ಬೇಡ, ಬೆರಳೊಂದು ಸಾಕು. ಬೆವರಿಲ್ಲದ ಕಡೆ ಯೋಚನೆಯೂ ಇಲ್ಲವಾಗುತ್ತದೆ, ಅಪಾಯವಿರುವುದು ಅಲ್ಲಿಯೇ.

ಇನ್ನು ನಾವು ನಮ್ಮ ತಪ್ಪೊಂದನ್ನು ಈ ಸಭೆಯ ಮುಂದೆ ಒಪ್ಪಿಕೊಳ್ಳಬೇಕು. 2018ರ ಬೇಸಿಗೆಯಲ್ಲಿ ಮಕ್ಕಳ ಕಳ್ಳರ ಗುಂಪು ಬಂದಿದೆ ಎಂಬ ವಾಟ್ಸಾಪು ಸುದ್ದಿ ಊರೂರು ತಿರುಗುತ್ತಿತ್ತು. ಒಂದು ಮಧ್ಯಾಹ್ನ ಮಿಲ್ಲಿನ ಎದುರು ಚಹಾ ಕುಡಿಯುತ್ತಿದ್ದಾಗ ಅದು ನಮಗೂ ಬಂತು. ಯಾರು ಬರೆದದ್ದು, ಎಲ್ಲಿಯದು, ಯಾವ ದಿನದ್ದು, ಒಂದೂ ಅದರಲ್ಲಿ ಇರಲಿಲ್ಲ. ಚಹಾ ಆರುವುದರೊಳಗೆ ನಾವು ಅದನ್ನು ನಮ್ಮ ಸಂಘದ ಗುಂಪಿಗೆ ದಾಟಿಸಿದೆವು. ಬಂಧುಗಳನ್ನು ಎಚ್ಚರಿಸಿದೆವೆಂಬ ಸಮಾಧಾನ ಬೇರೆ! ದಿನವೆಲ್ಲ ಕಾಂಟಾದ ಮುಂದೆ ಕುಳಿತು ಇನ್ನೊಬ್ಬರ ಮಾತಿಗೆ ಅಂಕಿ ಬರೆಯದ ನಾವು, ಮನುಷ್ಯರ ಜೀವದ ವಿಷಯದಲ್ಲಿ ಕಾಂಟಾ ಮರೆತೆವು.

ನಾಲ್ಕು ದಿನ ಕಳೆದ ಮೇಲೆ, ಯಾದಗಿರಿಯ ಕಡೆಯಿಂದ ಹೊಸದಾಗಿ ಬಂದಿದ್ದ ಕೂಲಿಯವರೊಬ್ಬರು ಗಲ್ಲಿಯಲ್ಲಿ ಅಳುತ್ತಿದ್ದ ಮಗುವಿನ ಕೈಗೆ ಬಿಸ್ಕತ್ತು ಕೊಟ್ಟರು. ಊರಲ್ಲಿ ಬಿಟ್ಟುಬಂದ ತಮ್ಮ ಮಗುವಿನ ನೆನಪಾಗಿತ್ತಂತೆ. ಜನ ಸುತ್ತುವರಿದರು. ಅವರಿಗೆ ತೆಲುಗು ಬಾರದು, ಹಿಂದಿ ಅರೆಬರೆ. ಅಂಗಿ ಹರಿಯಿತು, ಏಟು ಬಿದ್ದವು. ಮೂಲೆಯ ಅಂಗಡಿಯ ತೆಲುಗು ತಾಯಿಯೊಬ್ಬಳು ಓಡಿ ಬಂದು, "ಬಿಸ್ಕತ್ತನ್ನು ನನ್ನ ಹತ್ತಿರವೇ ಕೊಂಡದ್ದು, ಇವನು ದಿನಾ ಬರುವವನು" ಎಂದು ಅಡ್ಡ ನಿಂತಿದ್ದರಿಂದ ಜೀವ ಉಳಿಯಿತು. ಆ ಗುಂಪಿನಲ್ಲಿ ನಮ್ಮವರೇ ಇಬ್ಬರು ಹುಡುಗರಿದ್ದರು. ಯಾಕೆ ಹೀಗೆ ಮಾಡಿದಿರಿ ಎಂದು ನಾವು ಕೇಳಿದಾಗ ಒಬ್ಬ ತಲೆ ತಗ್ಗಿಸಿ ಹೇಳಿದ: "ಅಣ್ಣಾರ, ನೀವು ಸಂಘದವರು. ನೀವು ಕಳಿಸೀರಿ ಅಂದಮ್ಯಾಲ ಖರೇನ ಇರ್ತದ ಅಂತ ತಿಳಕೊಂಡ್ವಿ." ಆ ಮಾತು ನಮ್ಮ ಎದೆಗೆ ನಾಟಿತು. ಸೋದರರೇ, ಮುಂದಾಳುತನವೆಂದರೆ ಹಾರ, ಶಾಲು, ವೇದಿಕೆ ಎಂದು ನಾವು ತಿಳಿದಿದ್ದೆವು. ಒಬ್ಬ ಹುಡುಗ ನಮ್ಮ ಮಾತನ್ನು ತೂಗಿ ನೋಡದೆ ನಂಬುತ್ತಾನೆ ಎಂಬುದೇ ಮುಂದಾಳುತನ. ಆ ನಂಬಿಕೆಗೆ ನಾವು ತಕ್ಕವರಾಗಿರಲಿಲ್ಲ.

ಅದಾದ ಮೇಲೆ ಜುಲೈ ತಿಂಗಳಲ್ಲಿ ನಡೆದದ್ದು ತಮಗೆ ನೆನಪಿರಬಹುದು. 2018ರ ಜುಲೈ 13ರಂದು ಇದೇ ಹೈದರಾಬಾದಿನಿಂದ ಕೆಲವು ಗೆಳೆಯರು ಬೀದರ ಜಿಲ್ಲೆಯ ಔರಾದ ಸೀಮೆಗೆ ಹೋಗಿದ್ದರು. ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರೆಂಬ ಕೂಗೆದ್ದಿತು. ಅವರು ಕಾರು ಹತ್ತಿ ಹೊರಟರು. ಆದರೆ ವಾಟ್ಸಾಪಿನ ಸುದ್ದಿ ಕಾರಿಗಿಂತ ಮುಂದೆ ಓಡಿ ಮುರ್ಕಿ ಎಂಬ ಹಳ್ಳಿಯನ್ನು ಮುಟ್ಟಿತ್ತು. ಅಲ್ಲಿ ಜನ ತಡೆದು ಹೊಡೆದರು. ಮೂವತ್ತೆರಡು ವರ್ಷದ ಯುವಕನೊಬ್ಬ ಸತ್ತ, ಜೊತೆಯವರು ಗಾಯಗೊಂಡರು. ಅದೇ ತಿಂಗಳು ವಾಟ್ಸಾಪು ಕಂಪನಿ ಇಂಡಿಯಾದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ದಾಟಿಸದಂತೆ ಮಿತಿ ಹಾಕುವುದಾಗಿ ಸಾರಿತು. ಆದರೆ ಯಂತ್ರಕ್ಕೆ ಹಾಕಿದ ಮಿತಿ ಮನಸ್ಸಿಗೆ ಹಾಕಿದಂತೆ ಆಗುವುದಿಲ್ಲ. ಚಾಕಲೇಟು ಮತ್ತು ಬಿಸ್ಕತ್ತು! ನಮ್ಮ ಯಾದಗಿರಿಯ ಅಣ್ಣನಿಗೂ ಆ ಯುವಕನಿಗೂ ಇದ್ದ ಅಂತರ ಒಬ್ಬ ಅಂಗಡಿಯ ತಾಯಿ ಮಾತ್ರ. ಮುರ್ಕಿಯ ಜನ ನಮ್ಮ ನುಡಿಯವರು, ನಮ್ಮ ಸೀಮೆಯವರು. ಅವರನ್ನು ಬೈದು ನಾವು ಪಾರಾಗುವಂತಿಲ್ಲ.

1843ರ ಆ ಮೊದಲ ಸಂಚಿಕೆಯ ಮಾತು ಓದಿ ನಮಗೆ ಮೈ ಜುಮ್ಮೆಂದದ್ದು ಏಕೆಂದು ಈಗ ತಮಗೆ ತಿಳಿದಿರಬೇಕು. ಒಬ್ಬನು ಹೇಳಿದ್ದನ್ನು ಮತ್ತೊಬ್ಬನು ಬೆಳೆಸುವ ರೋಗ ಹಳೆಯದು. ಸಾಗುವ ವೇಗ ಮಾತ್ರ ಹೊಸದು. ಕ್ರೈಸ್ತರೂ ಯೆಹೂದ್ಯರೂ ಒಪ್ಪುವ ಹತ್ತು ಕಟ್ಟಳೆಗಳಲ್ಲಿ ನೆರೆಯವನ ಮೇಲೆ ಸುಳ್ಳು ಸಾಕ್ಷಿ ಹೇಳಬಾರದೆಂಬುದೂ ಒಂದು. ಕೊಲ್ಲಬಾರದು, ಕದಿಯಬಾರದು ಎಂಬ ಕಟ್ಟಳೆಗಳ ಸಾಲಿನಲ್ಲಿಯೇ ಅದನ್ನು ಏಕೆ ಇಟ್ಟರೆಂದು ನಮಗೆ ಮೊದಲು ತಿಳಿಯುತ್ತಿರಲಿಲ್ಲ. ಮುರ್ಕಿಯ ಸುದ್ದಿ ಓದಿದ ದಿನ ತಿಳಿಯಿತು.

ಈಗ ನಮ್ಮ ಮನೆಯ ಮಾತು. ಸಂಘದ ವಾಟ್ಸಾಪು ಗುಂಪನ್ನು ಮುಚ್ಚಿಬಿಡಬೇಕೆಂದು ಸಮಿತಿಯಲ್ಲಿ ಕೆಲವು ಹಿರಿಯರು ಹೇಳುತ್ತಿದ್ದಾರೆ. ಓದುವವರಿಲ್ಲವೆಂದು ಗೋಡೆ ಪತ್ರಿಕೆಯನ್ನೂ ನಿಲ್ಲಿಸೋಣ ಎಂದು ಕೆಲವು ಕಿರಿಯರು ಹೇಳುತ್ತಿದ್ದಾರೆ. ಎರಡಕ್ಕೂ ನಮ್ಮ ಒಪ್ಪಿಗೆಯಿಲ್ಲ. ದಿಲ್‌ಸುಖ್‌ನಗರದ ಈ ಹೆದ್ದಾರಿಯನ್ನು ನೋಡಿರಿ. ಮೇಲೆ ಮೆಟ್ರೋ ರೈಲು, ಕೆಳಗೆ ಬಸ್ಸುಗಳ ಸಾಲು, ಗೋಡೆಯ ತುಂಬ ತರಬೇತಿ ಕೇಂದ್ರಗಳ ಮತ್ತು ವಸತಿಗೃಹಗಳ ಫಲಕ. ತೆಲುಗಿನ ಅಕ್ಷರ ನಮ್ಮ ಅಕ್ಷರದ ತಂಗಿಯಂತಿರುವುದರಿಂದ ಕೂಡಿಸಿ ಓದಿಬಿಡುತ್ತೇವೆ. ಅರ್ಥ ಮಾತ್ರ ಅರ್ಧ. ಹೊಸದಾಗಿ ಬಂದ ನಮ್ಮವನಿಗೆ ಕೂಲಿಯ ದರ, ಆಸ್ಪತ್ರೆಯ ದಾರಿ, ಪಡಿತರ ಚೀಟಿಯ ವಿಚಾರ, ಊರಿನ ಮಳೆ ಬೆಳೆಯ ಸುದ್ದಿ ಅವನ ನುಡಿಯಲ್ಲಿ ಸಿಗುವ ಜಾಗ ಈ ಕೋಣೆ ಮತ್ತು ಆ ಗುಂಪು. ಬಾವಿಯಲ್ಲಿ ಕಸ ಬಿತ್ತೆಂದು ಬಾವಿ ಮುಚ್ಚುತ್ತಾರೆಯೇ? ಕಸ ತೆಗೆದು ಕಟ್ಟೆ ಕಟ್ಟುತ್ತಾರೆ. ಆ ಕಟ್ಟೆಗಾಗಿ ನಾಲ್ಕು ಕಲ್ಲುಗಳನ್ನು ತಮ್ಮ ಮುಂದಿಡುತ್ತೇವೆ.

ಮೊದಲನೆಯದು: ಎಲ್ಲಿ ನಡೆಯಿತು, ಯಾವಾಗ ನಡೆಯಿತು, ಕಂಡವರು ಯಾರು, ಈ ಮೂರೂ ಇಲ್ಲದ ಸುದ್ದಿಯನ್ನು ಗುಂಪಿಗೆ ಹಾಕಬಾರದು. ಇದೇ ನಮ್ಮ ಕಾಂಟಾ.

ಎರಡನೆಯದು: ಭಯ ಹುಟ್ಟಿಸುವ ಅಥವಾ ಯಾವುದಾದರೂ ಜಾತಿ, ಮತ, ಊರಿನವರನ್ನು ದೂರುವ ಸುದ್ದಿ ಬಂದರೆ ಇಬ್ಬರು ಸ್ವಯಂಸೇವಕರು ಆ ಊರಿಗೆ ಫೋನು ಮಾಡಿ ವಿಚಾರಿಸುವವರೆಗೆ ಅದನ್ನು ತಡೆಹಿಡಿಯಬೇಕು. ಬೀದರ, ರಾಯಚೂರು, ಯಾದಗಿರಿಗಳಲ್ಲಿ ನಮಗೆ ನೆಂಟರಿಲ್ಲದ ಊರುಂಟೇ?

ಮೂರನೆಯದು: ತಪ್ಪಾದರೆ, ತಪ್ಪು ಎಲ್ಲಿ ಬಂದಿತ್ತೋ ಅಲ್ಲಿಯೇ, ಅಷ್ಟೇ ದಪ್ಪ ಅಕ್ಷರದಲ್ಲಿ ಒಪ್ಪಿಕೊಳ್ಳಬೇಕು. 2018ರ ನಮ್ಮ ತಪ್ಪಿಗೆ ನಾವು ಆಗ ಗುಂಪಿನಲ್ಲಿ ಎರಡು ಸಾಲು ಬರೆದು ಸುಮ್ಮನಾದೆವು. ಪೂರ್ತಿ ಒಪ್ಪಿಕೊಳ್ಳಲು ಇಷ್ಟು ವರ್ಷ ಬೇಕಾಯಿತು. ಅದೂ ಒಂದು ತಪ್ಪೇ.

ನಾಲ್ಕನೆಯದು: ಪ್ರತಿ ಆದಿತ್ಯವಾರ ಸಂಜೆ ಗೋಡೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳಬೇಕು. ಅಕ್ಷರ ಬಾರದ ಅಕ್ಕಂದಿರು, ಕಾಕಂದಿರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಬರುವ ಹಾಡು, ಗಾದೆ, ಒಡಪುಗಳನ್ನು ಅದೇ ಸಂಜೆ ಬರೆದುಕೊಂಡು ಮುಂದಿನ ವಾರ ಅವರ ಹೆಸರಿನೊಡನೆ ಗೋಡೆಗೆ ಹಾಕಬೇಕು. ನಮ್ಮ ಅ, ಆ ಬರೆಯಲಾರದ ತಾಯಿ ತನ್ನ ಹೆಸರು ಗೋಡೆಯ ಮೇಲೆ ಇದೆಯೆಂದು ಕೇಳಿದರೆ ಆ ಪತ್ರಿಕೆಗೆ ಓದುವವರಿಲ್ಲವೆಂಬ ದೂರು ಇರುವುದಿಲ್ಲ. ಹೇಳುವುದಕ್ಕಿಂತ ಮೊದಲು ಕೇಳಿಸಿಕೊಳ್ಳುವುದೆಂಬ ಪಾಠವನ್ನು ಮೊಗ್ಲಿಂಗ್, ಕಿಟೆಲ್, ಚನ್ನಪ್ಪನವರಿಂದ ನಾವು ಇಷ್ಟಾದರೂ ಕಲಿಯಬಹುದು.

ಇದಕ್ಕೆ ಹಣ ಬೇಡ. ವಾರಕ್ಕೆ ಎರಡು ತಾಸು ಕೊಡುವ ಆರು ಮಂದಿ ಬೇಕು. ನಮ್ಮ ಹೆಸರನ್ನು ಮೊದಲು ಬರೆದಿದ್ದೇವೆ. ಎರಡನೆಯ ಹೆಸರು ಯಾದಗಿರಿಯ ಆ ಅಣ್ಣನದು. ಹೌದು, ಅವರೇ; ಇಲ್ಲಿಯೇ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ನಮ್ಮ ಸುದ್ದಿಯಿಂದ ಪೆಟ್ಟು ತಿಂದವರು ಇನ್ನು ಮೇಲೆ ನಮ್ಮ ಸುದ್ದಿಯನ್ನು ತೂಗುವವರಾಗಲು ಒಪ್ಪಿದ್ದಾರೆ. ಇದಕ್ಕಿಂತ ದೊಡ್ಡ ಕ್ಷಮೆಯನ್ನು ನಾವು ಕೇಳಿಲ್ಲ, ಕಂಡಿಲ್ಲ. ಉಳಿದ ನಾಲ್ಕು ಹೆಸರುಗಳಿಗೆ ವಹಿ ಮೇಜಿನ ಮೇಲೆ ತೆರೆದಿದೆ. ಪೆನ್ನೂ ಅಲ್ಲಿಯೇ ಇದೆ.